ತಿಗರಿ ಕಲಿತ ಮೇಲೆ ಆವಿಗೆ

ಪುಣೆ

ಚಿರಂಜೀವಿ ಸುಮಾಳಿಗೆ ನಿನ್ನ ದೊಡ್ಡಮ್ಮನ ಆಶೀರ್ವಾದಗಳು.

ಕೆಲಸ ಬಿಟ್ಟು ಡೊಂಬಿವಲಿಯಲ್ಲಿ ಬಾಡಿಗೆಗೆ ಜಾಗ ಹಿಡಿದು ಕುಂಬಾರಿಕೆಯ ಸ್ಟುಡಿಯೊ ತೆರೆಯುವ ನಿನ್ನ ಯೋಚನೆಯನ್ನು ಓದಿ ಸಂತೋಷವಾಯಿತು. ನಿನ್ನ ತಂದೆಯಂತೆ ನಾನು ಬೇಡವೆನ್ನಲಾರೆ. ಆದರೆ ತಿಗರಿಯ ಮೇಲೆ ಕೈ ಪಳಗಿತೆಂಬ ಒಂದೇ ಧೈರ್ಯದಿಂದ ಹೊರಟಿದ್ದರೆ ಸ್ವಲ್ಪ ತಡೆ. ಈವರೆಗೆ ನಿನ್ನ ಪಾತ್ರೆಗಳನ್ನು ಬೇರೆಯವರು ಸುಟ್ಟುಕೊಟ್ಟಿದ್ದಾರೆ. ಪಾತ್ರೆ ಸುಡುವ ಗೂಡಾದ ಆವಿಗೆಯನ್ನು ನೀನೇ ತುಂಬಿ, ನೀನೇ ಕಾಯಿಸಿ, ನೀನೇ ತೆರೆಯುವುದನ್ನು ಕಲಿಯುವವರೆಗೆ ಸ್ವಂತ ಸ್ಟುಡಿಯೊಗೆ ಕೈ ಹಾಕಬೇಡ.

ಮುಂಬಯಿ ಕಡೆಯ ಮಳೆಗಾಲದಲ್ಲಿ ಗಾಳಿಯೇ ತೇವವಾಗಿರುವುದರಿಂದ, ಮೇಲೆ ಒಣಗಿ ಬಿಳಿಚಿಕೊಂಡ ಬಟ್ಟಲಿನ ಬುಡದಲ್ಲಿ ನೀರು ಉಳಿದಿರುತ್ತದೆ. ಬುಡವನ್ನು ಕೆನ್ನೆಗೆ ಒತ್ತಿ ನೋಡು. ತಣ್ಣಗೆ ತಾಗಿದರೆ ಇನ್ನೂ ಒಣಗಿಲ್ಲ. ಅಂಥದ್ದನ್ನು ಅವಸರದಿಂದ ಕಾಯಿಸಿದರೆ 100 ಡಿಗ್ರಿ ದಾಟುವಾಗ ಒಳಗಿನ ನೀರು ಆವಿಯಾಗಿ ಪಾತ್ರೆ ಸಿಡಿಯುತ್ತದೆ, ಅದರ ಚೂರುಗಳು ಪಕ್ಕದವನ್ನೂ ಕೆಡಿಸುತ್ತವೆ. ಮುಂದೆ 573 ಡಿಗ್ರಿಯ ಹತ್ತಿರ ಮಣ್ಣಿನಲ್ಲಿರುವ ಕ್ವಾರ್ಟ್ಸ್ ಹರಳು ಒಮ್ಮೆಲೇ ಹಿಗ್ಗುತ್ತದೆ, ತಣಿಯುವಾಗ ಅದೇ ಹಂತದಲ್ಲಿ ಕುಗ್ಗುತ್ತದೆ. ತಾಳ್ಮೆಗೆಟ್ಟು ಬಾಗಿಲನ್ನು ಬೇಗ ತೆರೆದರೆ ತಟ್ಟೆಗಳು ಸೀಳುವುದು ಇದರಿಂದಲೇ. ಆದ್ದರಿಂದ ದೀಪಾವಳಿಯ ಆರ್ಡರನ್ನು ಶ್ರಾವಣದಲ್ಲಿ ಒಪ್ಪಿಕೊಳ್ಳುವಾಗ ಒಣಗುವ, ಸುಡುವ, ತಣಿಯುವ ದಿನಗಳನ್ನೆಲ್ಲ ಲೆಕ್ಕಕ್ಕೆ ಹಿಡಿ. ಗಿರಾಕಿ ಮುನಿದರೂ ಸರಿ, ಅವಧಿಯನ್ನು ಕಡಿಮೆ ಹೇಳಬೇಡ.

ಬಿಡುವಾದಾಗ ಧಾರಾವಿಯಲ್ಲಿ ಕುಂಬಾರರ ಕೇರಿಯಾದ ಕುಂಭಾರವಾಡಾಕ್ಕೆ ಹೋಗು. ಸೌರಾಷ್ಟ್ರದಿಂದ ಬಂದು ನೆಲೆಸಿದ ಆ ಮನೆತನಗಳು ತಲೆಮಾರುಗಳಿಂದ ಮಾಡುತ್ತಿರುವುದು ಕಡಿಮೆ ಶಾಖದಲ್ಲಿ ಬೇಯುವ ಕೆಂಪು ಮಣ್ಣಿನ ಕೆಲಸ, ನಿನ್ನದು 1,200 ಡಿಗ್ರಿ ದಾಟಿಸಿ ಕಲ್ಲಿನಂತೆ ಗಟ್ಟಿಯಾಗಿಸುವ ಸ್ಟೋನ್‌ವೇರ್; ಆದರೂ ಅವರು ಮಡಕೆಗಳನ್ನು ಆವಿಗೆಯಲ್ಲಿ ಒಟ್ಟುವ ರೀತಿಯನ್ನು ನಿಂತು ನೋಡಿದರೆ ನಿನಗೆ ಲಾಭವೇ.

ಇನ್ನೊಂದು ಮಾತು, ಇದರಲ್ಲಿ ನಾನು ಸಡಿಲ ಬಿಡುವವಳಲ್ಲ. ಒಣಮಣ್ಣಿನ ಧೂಳನ್ನು ಪೊರಕೆಯಿಂದ ಗುಡಿಸಬೇಡ, ಒದ್ದೆ ಬಟ್ಟೆಯಿಂದ ಒರೆಸು. ಅದರಲ್ಲಿರುವ ಸಿಲಿಕಾ ವರ್ಷಗಟ್ಟಲೆ ಶ್ವಾಸಕೋಶ ಸೇರುತ್ತಾ ಹೋದರೆ ಸಿಲಿಕೋಸಿಸ್ ಬರುತ್ತದೆ, ಅದನ್ನು ಗುಣಪಡಿಸುವ ಮದ್ದಿಲ್ಲ. ಊಟದ ಪಾತ್ರೆಗಳಿಗೆ ಸೀಸವಿರುವ ಹೊಳಪಿನ ಲೇಪ (ಗ್ಲೇಜ್) ಬಳಸುವ ಮಾತೇ ಬೇಡ.

ಮುಂಗಡ ಕೊಡುವ ಮೊದಲು ಆ ಜಾಗಕ್ಕೆ ನಿನ್ನ ಆವಿಗೆಯ ಹೊರೆ ತಡೆಯುವ ವಿದ್ಯುತ್ ಸಂಪರ್ಕ ಸಿಗುತ್ತದೆಯೇ ಎಂದು ವಿಚಾರಿಸು. ಗಣಪತಿ ಹಬ್ಬ ಮುಗಿಸಿಕೊಂಡು ಇಲ್ಲಿಗೆ ಬಂದು ಕೆಲವು ತಿಂಗಳು ನನ್ನ ಜೊತೆಯಲ್ಲಿರು. ಪ್ರತಿ ಸಲ ಸುಟ್ಟಾಗಿನ ಶಾಖದ ಏರಿಳಿತವನ್ನು ಬರೆದಿಟ್ಟ ಪುಸ್ತಕಗಳನ್ನೆಲ್ಲ ನಿನಗಾಗಿ ತೆಗೆದಿಟ್ಟಿದ್ದೇನೆ. ಬರುವ ದಿನವನ್ನು ಮೊದಲೇ ತಿಳಿಸಿದರೆ ಆ ವಾರ ಆವಿಗೆ ತುಂಬದೆ ನಿನಗಾಗಿ ಕಾಯುತ್ತೇನೆ.

ಇತಿ,
ನಿನ್ನ ದೊಡ್ಡಮ್ಮ