ಬಿರುಕಿನ ಅಂಚು ನೋಡಿ ಹೇಳಿದವರಿಗೆ

ಮೊನ್ನೆ ವೈವಾ ಮುಗಿಯಿತು. ಪಿಎಚ್‌ಡಿ ಕೈಗೆ ಬಂತು. ಶುಭ ಕೋರಿದ ಎಲ್ಲರಿಗೂ ಮನಸಾರೆ ಧನ್ಯವಾದ. ಆದರೆ ಕೆಲವರ ವಿಷಯದಲ್ಲಿ ಇಷ್ಟೇ ಹೇಳಿ ಸುಮ್ನಾಗಲು ನನಗೆ ಆಗುತ್ತಿಲ್ಲ.

ನನ್ನ ಕೆಲಸ ಜಿರ್ಕೋನಿಯಾ ಮೇಲೆ. ಹಲ್ಲಿಗೆ ಕ್ಯಾಪ್ ಹಾಕುತ್ತಾರಲ್ಲ, ಅದೇ ಬಿಳಿ ಸೆರಾಮಿಕ್. ಶುದ್ಧ ಜಿರ್ಕೋನಿಯಾವನ್ನು ಕಾಯಿಸಿದರೆ ಸುಮಾರು 1170 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಅದರ ಹರಳಿನ ರಚನೆ ಬದಲಾಗುತ್ತದೆ. ಆರುವಾಗ ಮತ್ತೆ ಹಳೆಯ ರಚನೆಗೆ ಬರುತ್ತದೆ, ಆಗ ಗಾತ್ರ ಶೇ. 4-5ರಷ್ಟು ಹಿಗ್ಗಿ ತುಂಡು ಸೀಳಿಹೋಗುತ್ತದೆ. ಅದನ್ನು ತಡೆಯಲೆಂದೇ ಸ್ವಲ್ಪ ಇಟ್ರಿಯಾ (ಇಟ್ರಿಯಂ ಲೋಹದ ಆಕ್ಸೈಡ್) ಬೆರೆಸುತ್ತೇವೆ.

ಹಾಗಾಗಿ ಪುಡಿ ಒತ್ತಿ ಮಾಡಿದ ನನ್ನ ಪೆಲೆಟ್‌ಗಳು (ಪುಟ್ಟ ಬಿಲ್ಲೆಗಳು) ಒಂದಾದ ಮೇಲೊಂದು ಬಿರುಕು ಬಿಟ್ಟಾಗ, ತಪ್ಪು ಇಟ್ರಿಯಾದ್ದೇ ಅಂದುಕೊಂಡೆ. ಏಳು ತಿಂಗಳು ಅದರ ಹಿಂದೆಯೇ ಬಿದ್ದಿದ್ದೆ. ಪುಡಿ ಬದಲಾಯಿಸಿದೆ, ಹರಳಿನ ರಚನೆ ತೋರಿಸುವ ಎಕ್ಸ್-ರೇ ಪರೀಕ್ಷೆ ಎಕ್ಸ್‌ಆರ್‌ಡಿ ಮೇಲೆ ಎಕ್ಸ್‌ಆರ್‌ಡಿ ಮಾಡಿಸಿದೆ. ಎಲ್ಲ ಸರಿಯಾಗಿಯೇ ಇತ್ತು, ಬಿರುಕು ಮಾತ್ರ ನಿಲ್ಲಲಿಲ್ಲ. ಬಿಟ್ಟುಬಿಡೋಣ ಅನ್ನಿಸಿದ ರಾತ್ರಿಗಳು ಜಾಸ್ತಿಯೇ ಇದ್ದವು.

ಆ ಸಮಯಕ್ಕೆ ಒಂದು ವಿಚಾರ ಸಂಕಿರಣ. ನಿವೃತ್ತ ಎಂಜಿನಿಯರ್ ಒಬ್ಬರು ನನ್ನ ಪೋಸ್ಟರ್ ಮುಂದೆ ನಿಂತರು. ಗ್ರಾಫ್‌ಗಳನ್ನು ಹೆಚ್ಚು ನೋಡಲಿಲ್ಲ. "ಒಡೆದ ತುಂಡು ತಂದಿದ್ದೀಯೇನಮ್ಮ?" ಅಂದರು. ಬ್ಯಾಗಿನಲ್ಲಿ ಒಂದು ಡಬ್ಬಿ ಇತ್ತು. ಜೇಬಿನಿಂದ ಲೆನ್ಸ್ ತೆಗೆದು, ತುಂಡನ್ನು ಬೆಳಕಿಗೆ ಓರೆಯಾಗಿ ಹಿಡಿದು ಬಹಳ ಹೊತ್ತು ನೋಡಿದರು. "ಇದು ಆರುವಾಗ ಒಡೆದದ್ದಲ್ಲ. ಅಂಚು ನೋಡು, ದುಂಡಗಿದೆ."

ನಾನೂ ನೋಡಿದೆ. ನಿಜ. ತಣ್ಣಗಾಗುವಾಗ ಒಡೆದಿದ್ದರೆ ಅಂಚು ಚೂಪಾಗಿರಬೇಕಿತ್ತು. ಬಿರುಕು ಮೊದಲೇ ಬಿದ್ದು, ಆಮೇಲೆ 1450 ಡಿಗ್ರಿಯಲ್ಲಿ ಬೆಂದಿದ್ದರಿಂದ ಅಂಚು ನುಣುಪಾಗಿತ್ತು. ಅಂದರೆ ತೊಂದರೆ ಇದ್ದದ್ದು ಶುರುವಿನಲ್ಲೇ, ಪುಡಿ ಅಂಟಿಕೊಳ್ಳಲೆಂದು ಬೆರೆಸಿದ ಬೈಂಡರ್ ಸುಟ್ಟುಹೋಗುವ ಹಂತದಲ್ಲಿ. ನಿಮಿಷಕ್ಕೆ 5 ಡಿಗ್ರಿಯಂತೆ ಕಾಯಿಸುತ್ತಿದ್ದೆ. ಒಳಗಿನ ಅನಿಲ ಹೊರಗೆ ಬರಲು ಪುರುಸೊತ್ತೇ ಕೊಟ್ಟಿರಲಿಲ್ಲ.

600 ಡಿಗ್ರಿವರೆಗೆ ನಿಮಿಷಕ್ಕೆ ಅರ್ಧ ಡಿಗ್ರಿ ಅಂತ ಬದಲಾಯಿಸಿದೆ. ಅಷ್ಟಕ್ಕೇ 19 ಗಂಟೆ ಬೇಕು! ಒಂದೇ ಫರ್ನೇಸ್, ಕಾಯುವವರು ನಾಲ್ಕು ಜನ. ಆದರೂ ಲ್ಯಾಬಿನ ಗೆಳೆಯರು ತಮ್ಮ ಸರದಿ ಬಿಟ್ಟುಕೊಟ್ಟರು, ಅವರಿಗೂ ಗಡುವು ಇತ್ತು ಅಲ್ವಾ? ಟೆಕ್ನಿಷಿಯನ್ ಅಣ್ಣ ಫರ್ನೇಸಿನ ಬಿಸಿ ಅಳೆಯುವ ಥರ್ಮೋಕಪಲ್ ಸರಿಯಾಗಿ ತೋರಿಸುತ್ತಿದೆಯೇ ಅಂತ ರಜೆಯ ದಿನವೂ ಬಂದು ನೋಡಿದರು. ಗೈಡ್ ಮೇಡಂ ಒಂದು ದಿನವೂ "ಎಷ್ಟು ಹೊತ್ತು ಇನ್ನೂ?" ಅನ್ನಲಿಲ್ಲ. ಇವರ ಉಪಕಾರ ನಾನು ಮರೆಯುವುದಿಲ್ಲ.

ಮೊದಲ ಸಲ ಇಡಿಯಾಗಿ ಬಂದ ಪೆಲೆಟ್ಟನ್ನು ನೀರಿನಲ್ಲಿ ಮುಳುಗಿಸಿ ತೂಗಿದಾಗ ಸಾಂದ್ರತೆ ಘನ ಸೆಂಟಿಮೀಟರಿಗೆ 6.05 ಗ್ರಾಂ ಬಂತು, ಅಂದರೆ ಒಳಗೆ ಟೊಳ್ಳು ಹೆಚ್ಚೇನೂ ಉಳಿದಿರಲಿಲ್ಲ. ಅಣ್ಣನೂ ನಾನೂ ಮತ್ತೆ ಮತ್ತೆ ತೂಗಿದೆವು, ಸಂತೋಷಕ್ಕೆ.

ಸರ್, ಆ ದುಂಡಗಿನ ಅಂಚಿನ ಫೋಟೋ ಥೀಸಿಸ್‌ನ ನಾಲ್ಕನೇ ಅಧ್ಯಾಯದ ಮೊದಲ ಪುಟದಲ್ಲೇ ಇದೆ. ಬೈಂಡ್ ಆಗಿ ಬಂದ ಕೂಡಲೇ ಮೊದಲ ಪ್ರತಿ ನಿಮ್ಮ ಕೈಗೆ ತಂದುಕೊಡುತ್ತೇನೆ.