ಶೋಕಾಚರಣೆ ಇರಲಿ, ಪಾರ್ಕಿಗೆ ಬೀಗ ಬೇಡ: ಬಡಾವಣೆ ನಿವಾಸಿಗಳ ಮನವಿ

ಇವರಿಗೆ,
ಮಾನ್ಯ ಆಯುಕ್ತರು,
ನಮ್ಮ ಭಾಗದ ನಗರ ಪಾಲಿಕೆ, ಬೆಂಗಳೂರು

ವಿಷಯ: ಶೋಕಾಚರಣೆಯ ದಿನಗಳಲ್ಲಿ ವಾರ್ಡಿನಲ್ಲಿ ಏನು ನಿಲ್ಲಬೇಕು, ಏನು ನಡೆಯಬೇಕು ಎಂದು ಮೊದಲೇ ಬರೆದಿಡುವ ಬಗ್ಗೆ

ಮಾನ್ಯರೇ,

ದೊಡ್ಡವರೊಬ್ಬರು ತೀರಿಕೊಂಡ ಸುದ್ದಿ ಬಂದರೆ ನಮ್ಮ ಬಡಾವಣೆಯಲ್ಲಿ ಮೊದಲು ಮುಚ್ಚುವುದು ಪಾರ್ಕಿನ ಗೇಟು. ಆಮೇಲೆ ಲೈಬ್ರರಿ, ಸಮುದಾಯ ಭವನ. ಯಾರು ಹೇಳಿದರು ಅಂತ ಕೇಳಿದರೆ "ಮೇಲಿನಿಂದ ಬಂದಿದೆ" ಅನ್ನುತ್ತಾರೆ. ಆದೇಶ ತೋರಿಸಿ ಅಂದರೆ ಯಾರ ಹತ್ತಿರವೂ ಇರುವುದಿಲ್ಲ. ಬೆಳಗ್ಗೆ ವಾಕಿಂಗ್ ಬಂದ ವಯಸ್ಸಾದವರು ಗಾಡಿಗಳು ನುಗ್ಗುವ ರಸ್ತೆಯಲ್ಲೇ ನಡೆದು ವಾಪಸ್ ಹೋಗುತ್ತಾರೆ. ತೀರಿಕೊಂಡವರಿಗೆ ಇದರಿಂದ ಯಾವ ಗೌರವ ಸಂದಿತು ಅಂತ ನಮಗೆ ಅರ್ಥವಾಗಿಲ್ಲ.

ಶೋಕಾಚರಣೆಯೇ ಬೇಡ ಎಂದು ನಾವು ಹೇಳುತ್ತಿಲ್ಲ, ಅದು ಬೇಕು. ಆದರೆ ಅದರ ನಿಯಮ ಬಹಳ ಚಿಕ್ಕದು. ಕೇಂದ್ರ ಗೃಹ ಸಚಿವಾಲಯ ಹೊರಡಿಸುವ ಪ್ರಕಟಣೆಯಲ್ಲಿ ಮುಖ್ಯವಾಗಿ ಎರಡು ಮಾತು ಇರುತ್ತವೆ. ದಿನವೂ ಧ್ವಜ ಹಾರುವ ಕಟ್ಟಡಗಳಲ್ಲಿ ಅದನ್ನು ಅರ್ಧಕ್ಕೆ ಇಳಿಸಬೇಕು, ಸರ್ಕಾರದ ಕಡೆಯಿಂದ ಮನರಂಜನೆ ಕಾರ್ಯಕ್ರಮ ಇರಬಾರದು. ಪಾರ್ಕು, ತಳ್ಳುಗಾಡಿ, ಮಕ್ಕಳ ಆಟ ಇದರಲ್ಲಿ ಎಲ್ಲಿಯೂ ಬರುವುದಿಲ್ಲ. ರಜೆಯಂತೂ ಬೇರೆಯದೇ ವಿಚಾರ. 2015ರ ಜುಲೈ 27ರಂದು ಅಬ್ದುಲ್ ಕಲಾಂ ಅವರು ಶಿಲ್ಲಾಂಗ್‌ನಲ್ಲಿ ಪಾಠ ಮಾಡುತ್ತಲೇ ಕುಸಿದು ತೀರಿಕೊಂಡಾಗ ಕೇಂದ್ರ ಸರ್ಕಾರ 7 ದಿನ ಶೋಕ ಘೋಷಿಸಿತು, ರಜೆ ಕೊಡಲಿಲ್ಲ. ಅವರ ಮೇಲಿನ ಗೌರವ ಅದರಿಂದ ಕಡಿಮೆಯಾಯಿತು ಎಂದು ಯಾರಿಗೂ ಅನ್ನಿಸಲಿಲ್ಲ ಅಲ್ವಾ?

2024ರ ಡಿಸೆಂಬರ್ ನೆನಪಿಸಿಕೊಳ್ಳಿ. 10ನೇ ತಾರೀಖು ಎಸ್.ಎಂ. ಕೃಷ್ಣ ತೀರಿಕೊಂಡರು. ಮೂರು ದಿನ ಶೋಕ, ಮರುದಿನ ರಾಜ್ಯದಲ್ಲಿ ರಜೆ. 26ರ ರಾತ್ರಿ ಡಾ. ಮನಮೋಹನ್ ಸಿಂಗ್ ತೀರಿಕೊಂಡರು. ದೇಶದಲ್ಲಿ ಜನವರಿ 1ರವರೆಗೆ ಶೋಕ, 27ಕ್ಕೆ ಕರ್ನಾಟಕದಲ್ಲಿ ರಜೆ. ಆ ವಾರ ಹೇಗಿತ್ತು ನೋಡಿ: ಬುಧವಾರ ಕ್ರಿಸ್‌ಮಸ್, ಗುರುವಾರ ಕೆಲಸ, ಶುಕ್ರವಾರ ಶೋಕದ ರಜೆ, ಶನಿವಾರ ನಾಲ್ಕನೇ ಶನಿವಾರ, ಆಮೇಲೆ ಭಾನುವಾರ. ಬುಧವಾರದಿಂದ ಭಾನುವಾರದವರೆಗೆ ಸರ್ಕಾರಿ ಕಚೇರಿ ತೆರೆದಿದ್ದು ಒಂದೇ ದಿನ. ಆದಾಯ ಪ್ರಮಾಣ ಪತ್ರಕ್ಕೋ, ಖಾತಾಕ್ಕೋ, ಪಿಂಚಣಿ ಕಾಗದಕ್ಕೋ ಕೂಲಿ ಬಿಟ್ಟು ಬಂದವರಿಗೆ ಕಚೇರಿ ಮುಚ್ಚಿದೆ ಎಂದು ಗೊತ್ತಾಗುವುದೇ ಬಾಗಿಲ ಮುಂದೆ ನಿಂತಾಗ. ರಜೆ ಘೋಷಣೆ ತಡರಾತ್ರಿ ಆದರೆ ಬೆಳಗ್ಗೆ ಆರಕ್ಕೇ ಮನೆ ಬಿಡುವವರಿಗೆ ಸುದ್ದಿ ಮುಟ್ಟುವುದಾದರೂ ಹೇಗೆ?

ನಮ್ಮನ್ನು ಜಾಸ್ತಿ ಕಾಡುವ ವಿಷಯ ಇನ್ನೊಂದಿದೆ. ಸರ್ಕಾರಿ ಶಾಲೆಗಳ ಮಧ್ಯಾಹ್ನದ ಬಿಸಿಯೂಟ, ಅಂದರೆ ಅಕ್ಷರ ದಾಸೋಹ, ನಮ್ಮ ರಾಜ್ಯದಲ್ಲಿ ಶುರುವಾಗಿದ್ದು 2002ರಲ್ಲಿ, ಕೃಷ್ಣ ಅವರು ಮುಖ್ಯಮಂತ್ರಿಯಾಗಿದ್ದಾಗ. ಅವರಿಗಾಗಿ ಶಾಲೆಗೆ ರಜೆ ಕೊಟ್ಟ ದಿನ ಮಕ್ಕಳಿಗೆ ಆ ಊಟ ಸಿಗಲಿಲ್ಲ. ಮನೆಕೆಲಸಕ್ಕೆ, ಗಾರೆ ಕೆಲಸಕ್ಕೆ ಹೋಗುವ ತಾಯಂದಿರಿಗೆ ಶೋಕದ ರಜೆ ಇರುವುದಿಲ್ಲ. ಮಗು ಮನೆಯಲ್ಲಿ ಒಂದೇ ಇರುತ್ತದೆ, ಇಲ್ಲವೇ ಬೀದಿಯಲ್ಲಿ. ಪಕ್ಕದ ಪಾರ್ಕಿಗೂ ಬೀಗ. ಶಾಲೆಯ ರಜೆ ನಿಮ್ಮ ಕೈಯಲ್ಲಿಲ್ಲ, ಗೊತ್ತು. ಪಾರ್ಕು, ಲೈಬ್ರರಿ ಬಾಗಿಲಾದರೂ ತೆರೆದಿರಲಿ ಅಂತ ಕೇಳುತ್ತಿದ್ದೇವೆ. ಅದೇ ಡಿಸೆಂಬರ್ 27ರಂದು ನಮ್ಮ ಮೆಟ್ರೊ ಓಡಿತು. ಅದಕ್ಕೆ 2006ರಲ್ಲಿ ಅಡಿಗಲ್ಲು ಹಾಕಿದವರು ಮನಮೋಹನ್ ಸಿಂಗ್ ಅವರೇ. ಅದು ಓಡಿದ್ದೇ ಸರಿ.

ಇನ್ನು ಕಲಾವಿದರು. ಬೆಂಗಳೂರಿನಲ್ಲಿ ರಾಜ್ಯೋತ್ಸವ ನವೆಂಬರ್ 1ಕ್ಕೆ ಮುಗಿಯುವುದಿಲ್ಲ. ಡಿಸೆಂಬರ್‌ವರೆಗೂ ಒಂದೊಂದು ಭಾನುವಾರ ಒಂದೊಂದು ಬೀದಿಯವರು ಮಾಡುತ್ತಲೇ ಇರುತ್ತಾರೆ. ಡೊಳ್ಳು ಕುಣಿತದವರು, ವೀರಗಾಸೆಯವರು ಊರಿಂದ ರಾತ್ರಿ ಬಸ್ ಹತ್ತಿ ಬರುತ್ತಾರೆ, ಆರ್ಕೆಸ್ಟ್ರಾದವರು ಕೀಬೋರ್ಡು, ಸೌಂಡ್ ಸಿಸ್ಟಂಗೆ ಬಾಡಿಗೆ ಕಟ್ಟಿರುತ್ತಾರೆ, ಪೆಂಡಾಲಿನವನು ಹಿಂದಿನ ದಿನವೇ ಕಂಬ ನೆಟ್ಟಿರುತ್ತಾನೆ, ಅಷ್ಟರಲ್ಲಿ ಶೋಕ ಅಂತ ಸುದ್ದಿ ಬಂದರೆ ಎಲ್ಲ ರದ್ದು, ಬಂದ ದಾರಿಯಲ್ಲೇ ವಾಪಸ್, ಬಸ್ ಚಾರ್ಜೂ ಕೈಗೆ ಬರುವುದಿಲ್ಲ. ಅವರು ಬಾಯಿಬಿಟ್ಟು ಕೇಳುವುದೂ ಇಲ್ಲ. ಸಾವಿನ ಮುಂದೆ ದುಡ್ಡಿನ ಮಾತಾಡಿದರೆ ಜನ ಏನಂದಾರು ಎಂಬ ಸಂಕೋಚ. ಹಾಗಾಗಿ ಅವರ ಪರವಾಗಿ ನಾವೇ ಕೇಳುತ್ತಿದ್ದೇವೆ. ಪಾಲಿಕೆಯ ದುಡ್ಡಲ್ಲಿ ನಡೆಯುವ ಕಾರ್ಯಕ್ರಮ ಶೋಕದ ಕಾರಣಕ್ಕೆ ನಿಂತರೆ ಅದನ್ನು ಮುಂದಕ್ಕೆ ಹಾಕಿ, ರದ್ದು ಮಾಡಬೇಡಿ. ಹೊರಟು ಬಂದವರಿಗೆ ಪ್ರಯಾಣದ ಖರ್ಚು ಮತ್ತು ಸಂಭಾವನೆಯಲ್ಲಿ ಅರ್ಧ ಅಂದೇ ಕೊಡಿ. ಸಮುದಾಯ ಭವನದಲ್ಲಿ ಮದುವೆ, ನಾಮಕರಣಕ್ಕೆ ಬುಕ್ ಮಾಡಿದವರನ್ನು ಮುಟ್ಟಲೇಬೇಡಿ. ಮುಹೂರ್ತವನ್ನು ಯಾರೂ ಮುಂದಕ್ಕೆ ಹಾಕುವುದಕ್ಕಾಗುವುದಿಲ್ಲ.

ನಮ್ಮ ಕಡೆ ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ಪಕ್ಕದ ಮನೆಯವರು ತಮ್ಮ ಒಲೆ ಹಚ್ಚಿ ಅನ್ನ ಸಾರು ಮಾಡಿ ಕಳಿಸುತ್ತಾರೆ. ಬೀದಿಯವರೆಲ್ಲ ಒಲೆ ಆರಿಸಿ ಕೂತರೆ ಆ ಮನೆಯವರಿಗೆ ಊಟ ಕೊಡುವವರು ಯಾರು? ಶೋಕದ ದಿನ ಪಾಲಿಕೆ ಆ ಪಕ್ಕದ ಮನೆಯ ಕೆಲಸ ಮಾಡಬೇಕು.

ಅಂಗಡಿಗಳ ವಿಚಾರವನ್ನು ಮುಚ್ಚುಮರೆ ಇಲ್ಲದೆ ಹೇಳುತ್ತೇವೆ. ಸುದ್ದಿ ಬಂದ ಕೂಡಲೇ ಶಟರ್ ಎಳೆಯುವುದು ಎಷ್ಟೋ ಸಲ ದುಃಖಕ್ಕಲ್ಲ, ಭಯಕ್ಕೆ. 2006ರ ಏಪ್ರಿಲ್ 12ರಂದು ಡಾ. ರಾಜ್‌ಕುಮಾರ್ ತೀರಿಕೊಂಡಾಗ ಈ ಊರಲ್ಲಿ ಬಸ್ಸಿಗೆ ಬೆಂಕಿ ಬಿತ್ತು, ಕಲ್ಲು ತೂರಾಟವಾಯಿತು, ಜೀವ ಹೋದವು. ಅಂದು ಅಂಗಡಿ ಇಟ್ಟಿದ್ದವರು ಇನ್ನೂ ಅದನ್ನು ಮರೆತಿಲ್ಲ. ಈಗಲೂ ಯಾರೋ ನಾಲ್ಕು ಜನ ಬೈಕಿನಲ್ಲಿ ಬಂದು "ಮುಚ್ಚಿ" ಅಂದರೆ ಹೂವಿನವರು, ತರಕಾರಿಯವರು ಸುಮ್ನೆ ಮುಚ್ಚುತ್ತಾರೆ. ಬುಟ್ಟಿಯಲ್ಲಿರುವ ಹೂವು ನಾಳೆಗೆ ಬಾಡುತ್ತದೆ, ಸಾಲದ ಬಡ್ಡಿ ಮಾತ್ರ ನಿಲ್ಲುವುದಿಲ್ಲ. ಅಭಿಮಾನದಿಂದ ತಾವಾಗಿಯೇ ಮುಚ್ಚುವವರು ಮುಚ್ಚಲಿ, ಅದು ಅವರ ಮನಸ್ಸು. ಬಲವಂತದಿಂದ ಮುಚ್ಚಿಸುವುದನ್ನು ಶೋಕ ಅನ್ನುವುದಕ್ಕಾಗುವುದಿಲ್ಲ.

2021ರಲ್ಲಿ ಪುನೀತ್ ರಾಜ್‌ಕುಮಾರ್ ಹೋದಾಗ ಲಕ್ಷಾಂತರ ಜನ ಕಂಠೀರವ ಕ್ರೀಡಾಂಗಣಕ್ಕೆ ಸಾಲಲ್ಲಿ ನಿಂತು ದರ್ಶನ ಮಾಡಿದರು. ಅವರ ಕಣ್ಣುಗಳಿಂದ ನಾಲ್ಕು ಜನರಿಗೆ ದೃಷ್ಟಿ ಬಂತು. ಆಮೇಲೆ ಕಣ್ಣು ದಾನಕ್ಕೆ ಹೆಸರು ಬರೆಸಲು ರಾಜ್ಯದ ತುಂಬ ಜನ ಮುಂದೆ ಬಂದರು. ನಮ್ಮವರ ದುಃಖಕ್ಕೆ ಇಂಥ ದಾರಿಯೂ ಗೊತ್ತಿದೆ. ಶೋಕದ ದಿನ ವಾರ್ಡ್ ಕಚೇರಿಯಲ್ಲಿ ಒಂದು ಟೇಬಲ್ ಹಾಕಿ ಕಣ್ಣು ದಾನ, ರಕ್ತದಾನಕ್ಕೆ ಹೆಸರು ಬರೆದುಕೊಂಡರೆ ನಾವೇ ಬಂದು ಕೂರುತ್ತೇವೆ.

ಬೇರೆ ಕಡೆಯೂ ಈ ಗೊಂದಲ ಆಗಿದೆ. 2022ರ ಸೆಪ್ಟೆಂಬರ್ 8ರಂದು ರಾಣಿ ಎರಡನೇ ಎಲಿಜಬೆತ್ ತೀರಿಕೊಂಡಾಗ ಆಟ, ಕಾರ್ಯಕ್ರಮ ರದ್ದು ಮಾಡುವುದು ಕಡ್ಡಾಯವಲ್ಲ ಎಂದು ಬ್ರಿಟನ್ ಸರ್ಕಾರ ಬರೆದೇ ತಿಳಿಸಿತ್ತು. ಆದರೂ ಆ ವಾರಾಂತ್ಯ ಇಂಗ್ಲೆಂಡಿನಲ್ಲಿ ಮಕ್ಕಳ ಫುಟ್‌ಬಾಲ್ ಕೂಡ ನಿಂತಿತು. ಓವಲ್‌ನ ಕ್ರಿಕೆಟ್ ಟೆಸ್ಟ್ ಒಂದು ದಿನ ನಿಂತು, ಮರುದಿನ ಮೌನಾಚರಣೆ ಮಾಡಿ ಮುಂದುವರಿಯಿತು. ನಮಗೆ ಹಿಡಿಸಿದ್ದು ಈ ಎರಡನೆಯದು.

ಈಗ ನಗರ ಐದು ಪಾಲಿಕೆಗಳಾಗಿವೆ. ರಸ್ತೆಯ ಈ ಕಡೆ ಪಾರ್ಕ್ ಮುಚ್ಚಿ, ಆ ಕಡೆ ತೆರೆದಿರುವ ಪರಿಸ್ಥಿತಿ ಬರಬಾರದು. ನೀವು ಮೊದಲು ಒಂದು ಪುಟದ ಸುತ್ತೋಲೆ ಹೊರಡಿಸಿ, ಉಳಿದ ಪಾಲಿಕೆಗಳೂ ಒಪ್ಪುವಂತೆ ಗ್ರೇಟರ್ ಬೆಂಗಳೂರು ಪ್ರಾಧಿಕಾರಕ್ಕೆ ಕಳಿಸಿಕೊಡಿ. ಪಾಲಿಕೆ ಕಚೇರಿಯಲ್ಲಿ ಧ್ವಜ ಅರ್ಧಕ್ಕೆ ಇಳಿಯಲಿ. ಬೆಳಗ್ಗೆ ಹನ್ನೊಂದಕ್ಕೆ ಎರಡು ನಿಮಿಷ ಮೌನ ಇರಲಿ, ಪಾರ್ಕಿನಲ್ಲಿ ಇದ್ದವರೂ ಎದ್ದು ನಿಲ್ಲುತ್ತಾರೆ. ಪಾರ್ಕು, ಲೈಬ್ರರಿ, ಆಟದ ಮೈದಾನ ತೆರೆದಿರಲಿ, ಧ್ವನಿವರ್ಧಕ ಮಾತ್ರ ಬೇಡ. ಮಕ್ಕಳ ಲಸಿಕೆಯ ದಿನ ತಪ್ಪದಿರಲಿ. ಬೀದಿ ವ್ಯಾಪಾರಿಗಳನ್ನು ಯಾರೂ ಎಬ್ಬಿಸಬಾರದು, ಎಬ್ಬಿಸಿದರೆ ದೂರು ಕೊಡಲು ಒಂದು ನಂಬರ್ ಇರಲಿ. ಪೌರಕಾರ್ಮಿಕರು ಆ ದಿನವೂ ಬೆಳಕು ಹರಿಯುವ ಮೊದಲೇ ಪೊರಕೆ ಹಿಡಿದಿರುತ್ತಾರೆ. ಅವರಿಗೆ ಬದಲಿ ರಜೆ ಕೊಡಿ. ಇದನ್ನು ಮರೆಯಬೇಡಿ ಸಾರ್, ಎಲ್ಲರೂ ಮರೆಯುವುದು ಇದನ್ನೇ.

ಕಚೇರಿಗೆ ರಜೆ ಅನಿವಾರ್ಯವಾದರೆ ಹಿಂದಿನ ರಾತ್ರಿಯೇ ಮೊಬೈಲಿಗೆ ಕನ್ನಡದಲ್ಲಿ ಸಂದೇಶ ಬರಲಿ. ಅಂದು ಟೋಕನ್ ಇದ್ದವರಿಗೆ ಮರುದಿನ ಮೊದಲ ಸರದಿ ಸಿಗಲಿ.

ನಿವಾಸಿಗಳ ಸಹಿ ಇರುವ ಹಾಳೆಗಳನ್ನು ಇದರ ಜೊತೆ ಇಟ್ಟಿದ್ದೇವೆ. ಬೀದಿ ವ್ಯಾಪಾರಿಗಳೂ ಕೆಲವು ಕಲಾವಿದರೂ ಸಹಿ ಮಾಡಿದ್ದಾರೆ. ಮುಂದಿನ ವಾರ್ಡ್ ಸಮಿತಿ ಸಭೆಯಲ್ಲಿ ಈ ವಿಷಯ ತೆಗೆದುಕೊಳ್ಳಿ, ನಾವು ಬರುತ್ತೇವೆ. ಉತ್ತರ ಮಾತ್ರ ಬಾಯಿಮಾತಿನಲ್ಲಿ ಬೇಡ, ಬರಹದಲ್ಲಿ ಕೊಡಿ.

ಇಂತಿ,
ಬಡಾವಣೆಯ ನಿವಾಸಿಗಳು