‘ತಿಥಿ’ಯ ತಮ್ಮಣ್ಣ ಮತ್ತು ಪೌತಿ ಖಾತೆ

ಮಾನ್ಯ ಸಂಪಾದಕರೇ,

ರಾಮ್ ರೆಡ್ಡಿ ನಿರ್ದೇಶನದ ‘ತಿಥಿ’ಯ ಮಾತು ಬಂದಾಗಲೆಲ್ಲ ಚರ್ಚೆ ಗಡ್ಡಪ್ಪನ ಗಡ್ಡ, ಬ್ರಾಂದಿ, ಅಲೆದಾಟದಲ್ಲೇ ಮುಗಿಯುತ್ತದೆ. ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನಲ್ಲಿ, ನಟನೆಯೇ ಗೊತ್ತಿಲ್ಲದ ಹಳ್ಳಿಗರನ್ನು ಹಾಕಿಕೊಂಡು ತೆಗೆದು, 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಗೆದ್ದ ಈ ಚಿತ್ರದಲ್ಲಿ ನಗುವನ್ನೂ ಸಂಕಟವನ್ನೂ ಹುಟ್ಟಿಸುವುದು ಒಂದು ಪಹಣಿ, ಅಂದರೆ ಜಮೀನು ಯಾರ ಹೆಸರಲ್ಲಿದೆ ಎಂದು ಹೇಳುವ ಕಂದಾಯ ದಾಖಲೆ. ಐದು ಎಕರೆ ಜಮೀನು, ಹೆಸರು ಮಾತ್ರ ಸತ್ತ ಅಜ್ಜನದು.

101 ವರ್ಷದ ಸೆಂಚುರಿ ಗೌಡ ತೀರಿಕೊಂಡು ಹನ್ನೊಂದನೇ ದಿನದ ತಿಥಿ ಬರುವಷ್ಟರಲ್ಲಿ ಮೊಮ್ಮಗ ತಮ್ಮಣ್ಣ ಜಮೀನು ಮಾರಲು ಓಡಾಡುತ್ತಾನೆ. ಬದುಕಿರುವ ಅಪ್ಪ ಗಡ್ಡಪ್ಪನ ಹೆಸರಿಗೆ ಮರಣ ಪತ್ರ ಮಾಡಿಸುತ್ತಾನೆ. ಇದು ಕಥೆಗಾಗಿ ಕಟ್ಟಿದ ತಮಾಷೆಯಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ, ಅಜ್ಜನ ಸ್ವಯಾರ್ಜಿತಕ್ಕೆ ಮೊಮ್ಮಗ ನೇರ ವಾರಸುದಾರನಾಗುವುದು ತನ್ನ ಅಪ್ಪ ಅಜ್ಜನಿಗಿಂತ ಮೊದಲೇ ಸತ್ತಿದ್ದರೆ ಮಾತ್ರ. ಪಿತ್ರಾರ್ಜಿತವಾಗಿದ್ದರೆ ಹುಟ್ಟಿನಿಂದಲೇ ಪಾಲುಂಟು, ಆದರೆ ವಿಭಾಗವಾಗಬೇಕು. ಉಳಿದವರು ಒಪ್ಪದಿದ್ದರೆ ದಾವೆ ಹೂಡಬೇಕು. ಅವಸರದವನಿಗೆ ಅಪ್ಪನನ್ನು ಕಾಗದದ ಮೇಲೆ ಸಾಯಿಸುವುದೇ ಹತ್ತಿರದ ದಾರಿಯಾಗಿ ಕಾಣುತ್ತದೆ.

ನೆಟ್ಟಗಿನ ದಾರಿ ಇಷ್ಟು ಕಷ್ಟದ್ದೇನಲ್ಲ. ಸಾವನ್ನು 21 ದಿನದೊಳಗೆ ನೋಂದಾಯಿಸಬೇಕು. ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆದೇಶಕ್ಕೆ ಅಲೆಯಬೇಕಾಗುತ್ತದೆ. ಮರಣ ಪತ್ರ ಕೈಗೆ ಬಂದ ಮೇಲೆ ನಾಡಕಚೇರಿಯಲ್ಲಿ ವಂಶವೃಕ್ಷಕ್ಕೆ ಅರ್ಜಿ, ಅದರ ಮೇಲೆ ಪೌತಿ ಖಾತೆಗೆ, ಅಂದರೆ ಸತ್ತವರ ಹೆಸರಿನ ಖಾತೆಯನ್ನು ವಾರಸುದಾರರ ಹೆಸರಿಗೆ ಬದಲಿಸಿಕೊಳ್ಳಲು, ಅರ್ಜಿ. ಭೂಕಂದಾಯ ಕಾಯ್ದೆಯಂತೆ ಹಕ್ಕು ಬಂದ 3 ತಿಂಗಳೊಳಗೆ ವರದಿ ಮಾಡಿಕೊಳ್ಳಬೇಕು. ಚಾವಡಿಯಲ್ಲಿ ನೋಟಿಸು ಅಂಟಿಸಿ, ತಕರಾರು ಬಾರದಿದ್ದರೆ ಪಹಣಿಯ 9ನೇ ಕಾಲಂಗೆ ಎಲ್ಲ ವಾರಸುದಾರರ ಹೆಸರು ಜಂಟಿಯಾಗಿ ಏರುತ್ತದೆ. ಆಮೇಲೆ ಪಾಲುಗಳನ್ನು ಅಳೆದು ಗುರುತಿಸುವ 11ಇ ನಕ್ಷೆ ಮಾಡಿಸಿ ವಿಭಾಗಪತ್ರ ನೋಂದಾಯಿಸಬಹುದು. ಗಡ್ಡಪ್ಪನಂತೆ ಜಮೀನೇ ಬೇಡವೆನ್ನುವವರು ತಮ್ಮ ಪಾಲನ್ನು ಮಗನಿಗೆ ದಾನಪತ್ರ ಮಾಡಿಕೊಡಬಹುದು. ಇಬ್ಬರು ಸಾಕ್ಷಿಗಳೊಂದಿಗೆ ಉಪನೋಂದಣಿ ಕಚೇರಿಗೆ ಒಂದು ಸಲ ಹೋಗಿಬಂದರೆ ಆಯಿತು. ಆಸೆಯೇ ಇಲ್ಲದ ಮುದುಕನನ್ನು ಆ ಮೆಟ್ಟಿಲು ಹತ್ತಿಸುವುದು ಎಷ್ಟು ಕಷ್ಟವೆಂದು ಚಿತ್ರ ಬಹಳ ಚೆನ್ನಾಗಿ ತೋರಿಸಿದೆ.

ಕೆಲಸ ಕೆಡುವ ಜಾಗಗಳು ಬೇರೆ ಇವೆ. ಊರೆಲ್ಲ ಗಡ್ಡಪ್ಪ, ಸೆಂಚುರಿ ಗೌಡ ಎಂದು ಕರೆಯುವವರ ಹೆಸರು ಪಹಣಿಯಲ್ಲಿ ಒಂದು, ಆಧಾರ್‌ನಲ್ಲಿ ಇನ್ನೊಂದು. ‘ಬಿನ್’ ಎಂದು ಬರೆದ ಮುಂದೆ ತಂದೆಯ ಹೆಸರು ಮತ್ತೊಂದು. ಎರಡೂ ಹೆಸರು ಒಬ್ಬರದೇ ಎಂಬ ಪ್ರಮಾಣಪತ್ರವನ್ನು ಅರ್ಜಿಯ ಜೊತೆಗೇ ಕೊಡದಿದ್ದರೆ ಅರ್ಜಿ ವಾಪಸು. ಇದಕ್ಕಿಂತ ದೊಡ್ಡ ತಪ್ಪು, ಮದುವೆಯಾಗಿ ಹೋದ ಹೆಣ್ಣುಮಕ್ಕಳನ್ನು ವಂಶವೃಕ್ಷದಿಂದ ಬಿಡುವುದು. 2005ರ ತಿದ್ದುಪಡಿಯ ನಂತರ ಪಿತ್ರಾರ್ಜಿತದಲ್ಲೂ ಮಗಳಿಗೆ ಮಗನಷ್ಟೇ ಹಕ್ಕಿದೆ. ಅವರನ್ನು ಬಿಟ್ಟು ಮಾಡಿದ ಖಾತೆಯನ್ನು ನಂಬಿ ಕೊಂಡವನು ಮುಂದೆ ನ್ಯಾಯಾಲಯದಲ್ಲಿ ನಿಲ್ಲಬೇಕಾಗುತ್ತದೆ. ಏಕೆಂದರೆ ಪೌತಿ ಖಾತೆ ಕಂದಾಯದ ದಾಖಲೆಯಷ್ಟೇ, ಅದರಿಂದ ಇಲ್ಲದ ಹಕ್ಕು ಹುಟ್ಟುವುದಿಲ್ಲ. ಸತ್ತವರ ಹೆಸರಲ್ಲೇ ಪಹಣಿ ಬಿಟ್ಟರೂ ನಷ್ಟವೇ: ಬೆಳೆ ಸಾಲಕ್ಕೂ ಬೆಳೆಹಾನಿ ಪರಿಹಾರಕ್ಕೂ ಉಳುವವನು ಒದ್ದಾಡುತ್ತಾನೆ.

ಪೌತಿ ಖಾತೆಗಾಗಿ ಕಂದಾಯ ಇಲಾಖೆ ಹಳ್ಳಿಗಳಲ್ಲಿ ಆಂದೋಲನ, ಅದಾಲತ್ ನಡೆಸುತ್ತದೆ. ಕರಪತ್ರ ಹಂಚಿದರೆ ಯಾರೂ ಓದುವುದಿಲ್ಲ. ಚಿತ್ರದ ಹಕ್ಕುದಾರರಿಂದ ಅನುಮತಿ ಪಡೆದು ಅದಾಲತ್‌ನ ಹಿಂದಿನ ಸಂಜೆ ಊರಿನ ಶಾಲೆಯ ಅಂಗಳದಲ್ಲಿ ‘ತಿಥಿ’ ತೋರಿಸಲಿ. ಎರಡು ಗಂಟೆಗೂ ಮಿಕ್ಕ ಚಿತ್ರ, ಮಾತು ಅಪ್ಪಟ ಮಂಡ್ಯದ್ದು, ಯಾರೂ ಎದ್ದು ಹೋಗುವುದಿಲ್ಲ. ಮಾರನೆಯ ಬೆಳಗ್ಗೆ ಅದೇ ಅಂಗಳದಲ್ಲಿ ಗ್ರಾಮ ಆಡಳಿತಾಧಿಕಾರಿ ಪಹಣಿ ಪಟ್ಟಿ ಹಿಡಿದು ಕೂರಲಿ, ಸತ್ತವರ ಹೆಸರಿರುವ ಸರ್ವೆ ನಂಬರುಗಳನ್ನು ಗಟ್ಟಿಯಾಗಿ ಓದಲಿ. ಹೆಣ್ಣುಮಕ್ಕಳಿಗೂ ಮುಂಚಿತವಾಗಿ ಹೇಳಿ ಕರೆಸಿರಬೇಕು. ಗೌರಿ ಹಬ್ಬಕ್ಕೆ ಅವರು ತವರಿಗೆ ಬಂದಿರುವ ವಾರವನ್ನೇ ಆರಿಸಿದರೆ ಇನ್ನೂ ಒಳ್ಳೆಯದು.

— ಕಂದಾಯ ಇಲಾಖೆಯ ನಿವೃತ್ತ ನೌಕರರು, ಮಂಡ್ಯ